ನಾನು ತಪ್ಪು ಹೇಳಿದ ‘ಯಂಗ್’

ಅಕ್ಕ ನನಗಿಂತ ಎರಡೇ ವರ್ಷ ದೊಡ್ಡವಳು. ನಾನು ಗೋಕಾಕದಲ್ಲಿ ಎಂಟನೇ ಇಯತ್ತೆಗೆ ಹೆಸರು ಹಚ್ಚಿದ ವರ್ಷವೇ ಆಕೆಯನ್ನು ಹುಕ್ಕೇರಿ ಹತ್ತಿರದ ಹಳ್ಳಿಯೊಂದರ ಒಕ್ಕಲುತನದ ಮನೆಗೆ ಕೊಟ್ಟರು. ಆಗ ಅವಳಿಗೆ ಹದಿನಾಲ್ಕು ತುಂಬಿತ್ತೋ ಇಲ್ಲವೋ, ಅವ್ವನಿಗೂ ಸರಿಯಾಗಿ ನೆನಪಿರಲಿಲ್ಲ. ಅಪ್ಪ ಗಿರಣಿಯಲ್ಲಿ ದುಡಿಯುತ್ತಿದ್ದ. ಇಂಗ್ಲಿಷ್ ಕಾಗದ ಹಿಡಿದು ಕಾರಕೂನರ ಮುಂದೆ ನಿಂತು ನಿಂತು ಅವನಿಗೆ ಸಾಕಾಗಿತ್ತು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳಾದರೂ ಅದನ್ನು ಓದಲಿ ಎಂದು ನನ್ನನ್ನು ಸಾಲಿ ಬಿಡಿಸಲಿಲ್ಲ.

ಆ ಕಾಲಕ್ಕೆ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಎಂಟನೇ ಇಯತ್ತೆಯಲ್ಲಿ. ಇಡೀ ವರ್ಗದಲ್ಲಿ ನಾವು ನಾಲ್ಕೇ ಹುಡುಗಿಯರು. ಮಾಸ್ತರು ದಿನಕ್ಕೆ ಹತ್ತು ಶಬ್ದ ಬರೆಸುತ್ತಿದ್ದರು, ಒಂದು ಶಬ್ದಕ್ಕೆ ಒಂದೇ ಅರ್ಥ. ಯಂಗ್ ಅಂದರೆ ಹರೇದ. ಟೂ ಅಂದರೆ ಭಾಳ. ಮಚ್ ಅಂದರೂ ಭಾಳ. ನಾನು ಅವನ್ನು ಬಾಯಿಪಾಠ ಮಾಡಿ, ವರ್ಷ ಮುಗಿಯುವ ಹೊತ್ತಿಗೆ ಇಂಗ್ಲಿಷ್ ಬಂದೇ ಬಿಟ್ಟಿತು ಎಂದುಕೊಂಡಿದ್ದೆ.

ಮೇ ತಿಂಗಳ ಸೂಟಿಗೆ ಅಕ್ಕನ ಮನೆಗೆ ಹೋದೆ. ಆಕೆಗೆ ಆಗ ಐದು ತಿಂಗಳು. ಹುಕ್ಕೇರಿಗೆ ಗುರುವಾರಕ್ಕೊಮ್ಮೆ ಬೆಳಗಾವಿಯಿಂದ ಒಬ್ಬ ಬಿಳಿ ಡಾಕ್ಟರಬಾಯಿ ಮೋಟಾರಿನಲ್ಲಿ ಬರುತ್ತಿದ್ದಳು. ಅಕ್ಕನಿಗೆ ಮೇಲಿಂದ ಮೇಲೆ ತಲೆನೋವು ಬರುತ್ತಿದ್ದದ್ದರಿಂದ ಅವಳ ಅತ್ತೆ ನಮ್ಮಿಬ್ಬರನ್ನೂ ಚಕ್ಕಡಿಯಲ್ಲಿ ಅಲ್ಲಿಗೆ ಕರೆದೊಯ್ದಳು. ಎತ್ತರದ ಹೆಂಗಸು, ಮಾತು ಗಟ್ಟಿ, ಆದರೆ ಕೆಟ್ಟವಳಲ್ಲ. ಸೊಸೆಗೆ ಬಿಸಿಲು ಬಡಿಯದಿರಲಿ ಎಂದು ದಾರಿಯುದ್ದಕ್ಕೂ ತನ್ನ ಸೆರಗನ್ನೇ ಹಿಡಿದಿದ್ದಳು.

ದವಾಖಾನೆಯಲ್ಲಿ ಕನ್ನಡ ಬಲ್ಲ ನರ್ಸಬಾಯಿ ಹೊರಗೆ ಮಕ್ಕಳಿಗೆ ಸೂಜಿ ಚುಚ್ಚುತ್ತಿದ್ದಳು. ಒಳಗೆ ಡಾಕ್ಟರಬಾಯಿ ಅಕ್ಕನನ್ನು ಮಲಗಿಸಿ ಬಹಳ ಹೊತ್ತು ನೋಡಿದಳು. ಸೊಂಟಕ್ಕೆ ಗೇಣು ಹಾಕಿ ಅಳೆದಳು. ಆಮೇಲೆ ನಮ್ಮ ಕಡೆ ತಿರುಗಿ ಏನೋ ಹೇಳಿ, ನರ್ಸನ್ನು ಕೂಗಿದಳು. ನರ್ಸ್ ಬರುವ ಮೊದಲೇ ಅತ್ತೆ ನನ್ನ ಭುಜ ಹಿಡಿದು ಮುಂದೆ ನೂಕಿದಳು.

“ನಮ್ಮ ಹುಡುಗಿ ಇಂಗ್ಲಿಷ್ ಕಲ್ತಾಳ್ರಿ ಬಾಯಾರ. ಆಕಿಗೆ ಹೇಳ್ರಿ.”

ಡಾಕ್ಟರಬಾಯಿ ನನ್ನನ್ನು ನೋಡಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು: “ಷಿ ಈಸ್ ಟೂ ಯಂಗ್. ಮಚ್ ಟೂ ಯಂಗ್.”

ಒಂದು ಶಬ್ದವೂ ತಪ್ಪದೆ ತಿಳಿದದ್ದು ನನಗೇ ನಂಬಲಾಗಲಿಲ್ಲ. ಎದೆ ಉಬ್ಬಿತು. “ಅಕ್ಕ ಭಾಳ ಹರೇದಾಕಿ ಅದಾಳಂತ್ರಿ ಅತ್ತಿ. ಭಾಳಂದ್ರ ಭಾಳ,” ಎಂದೆ.

ಅತ್ತೆಯ ಮುಖ ಅರಳಿತು. “ಮತ್ತ. ಹರೇದಾಗ ಹಡ್ಯೂದ ಚಲೋ. ಗಟ್ಟಿ ಐತಿ ಜೀವ,” ಎಂದು ಅಕ್ಕನ ಬೆನ್ನು ಸವರಿದಳು. ಡಾಕ್ಟರಬಾಯಿಯ ಮುಖ ಗಂಟಿಕ್ಕಿಕೊಂಡೇ ಇತ್ತು. ಬಿಳಿಯರ ಮುಖವೇ ಹಾಗಿರಬೇಕು ಎಂದುಕೊಂಡೆ. ಅವಳು ಒಂದು ಚೀಟಿ ಬರೆದು ಕೊಟ್ಟಳು. ಎಳೆದು ಬರೆದ ಅಕ್ಷರ. ನನಗೆ ಓದಲು ಬರುತ್ತಿದ್ದದ್ದು ಪುಸ್ತಕದ ಅಕ್ಷರ ಮಾತ್ರ. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗಿ, “ಗುಳಿಗಿ ಚೀಟಿ,” ಎಂದುಬಿಟ್ಟೆ. ತಲೆನೋವು ಹೆಚ್ಚಾದರೆ ತಂದರಾಯಿತು ಎಂದು ಅತ್ತೆ ಅದನ್ನು ಮಡಚಿ ಎಲೆಅಡಕೆಯ ಚೀಲದಲ್ಲಿಟ್ಟಳು. ನರ್ಸ್ ಇನ್ನೂ ಬಂದಿರಲಿಲ್ಲ; ಅಷ್ಟರಲ್ಲಿ ಕೂಸನ್ನೆತ್ತಿಕೊಂಡ ಇನ್ನೊಬ್ಬಳು ಒಳಗೆ ನುಗ್ಗಿದಳು, ನಾವು ಹೊರಗೆ ಬಂದೆವು.

ಜೂನಿನಲ್ಲಿ ಸಾಲಿ ತೆರೆಯಿತು. ಅಕ್ಕನನ್ನು ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ ತವರಿಗೆ ಕಳಿಸಬೇಕಾಗಿತ್ತು. ಗಟ್ಟಿ ಇದ್ದಾಳೆ, ಶೇಂಗಾದ ಕಳೆ ಮುಗಿಯಲಿ, ಒಂಬತ್ತರಲ್ಲಿ ಕಳಿಸುತ್ತೇವೆ ಎಂದು ಬೀಗರು ಹೇಳಿ ಕಳಿಸಿದರು. ಅವ್ವನೂ ಸುಮ್ಮನಾದಳು. ಡಾಕ್ಟರಬಾಯಿಯೇ ಹೇಳಿದ್ದಾಳಲ್ಲ ಎಂಬ ಧೈರ್ಯ ಅವಳಿಗೂ ಇತ್ತು. ಆ ಧೈರ್ಯ ಕೊಟ್ಟವಳು ನಾನು.

ಜುಲೈ ತಿಂಗಳಲ್ಲಿ ಒಂದು ದಿನ ಮಾಸ್ತರು ಹಲಗೆಯ ಮೇಲೆ ಒಂದು ವಾಕ್ಯ ಬರೆದರು. ಅದರಲ್ಲಿ ಒಂದು ಕೂಸು, ಅದು ‘ಟೂ ಯಂಗ್ ಟು ವಾಕ್’.

“ಇಲ್ಲಿ ಯಂಗ್ ಅಂದ್ರ ಹರೇದ್ದು ಅನಬ್ಯಾಡ್ರಿ,” ಎಂದರು ಮಾಸ್ತರು. “ಕೂಸಿಗೆಲ್ಲೀ ಹರೇ? ಎಳೀದು ಅನ್ರಿ. ಮನಷ್ಯಾಗ ಅಂದ್ರ ಹರೇದಾಂವ, ಕೂಸಿಗಂದ್ರ ಎಳೀದು, ಆಕಳ ಯಂಗ್ ಅಂದ್ರ ಕರ. ಯಾರಿಗೆ ಅಂದಾರ ನೋಡಿ ಅರ್ಥ ಮಾಡ್ಬೇಕು. ಮತ್ತ ಟೂ ಅಂದ್ರ ಬರೇ ಭಾಳ ಅಲ್ಲ. ಇರಬಾರದಷ್ಟು. ಎಷ್ಟು ಎಳೀದಂದ್ರ, ನಡ್ಯಾಕ ಆಗೂದಿಲ್ಲ.”

ಬರೆಯುತ್ತಿದ್ದ ನನ್ನ ಟಾಕು ನಿಂತುಬಿಟ್ಟಿತು. ವರ್ಗದಲ್ಲಿ ಎಂದೂ ಎದ್ದು ಮಾತಾಡದವಳು ಎದ್ದು ನಿಂತೆ.

“ಸರ್, ಮುಂದಿನ ಮಾತು ಇಲ್ಲದಿದ್ರ? ಬರೇ ಟೂ ಯಂಗ್ ಅಂದ್ರ?”

“ಆವಾಗೂ ಅದ ಅರ್ಥ. ಏನ್ ಆಗಂಗಿಲ್ಲ ಅನ್ನೂದನ್ನ ಕೇಳಾಂವ ತಿಳ್ಕೋಬೇಕು.”

ಆಮೇಲೆ ಅವರು ಏನು ಕಲಿಸಿದರೋ ಗೊತ್ತಿಲ್ಲ. ಹೊಟ್ಟೆನೋವು ಎಂದು ಸುಳ್ಳು ಹೇಳಿ ಮನೆಗೆ ಬಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಹೇಳುತ್ತಾ ಹೋದಂತೆ ಅವಳ ಕೈ ನಿಧಾನವಾಯಿತು, ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ. “ನಿಮ್ಮಪ್ಪ ಗಿರಣಿಯಿಂದ ಬರ್ಲಿ,” ಎಂದಷ್ಟೇ ಹೇಳಿ ಒಲೆಯ ಕಟ್ಟಿಗೆ ಹಿಂದಕ್ಕೆಳೆದಳು.

ಮರುದಿನ ಮೊದಲನೇ ಬಸ್ಸಿಗೆ ಅಪ್ಪ ಮತ್ತು ನಾನು ಹೊರಟೆವು. ಅಕ್ಕ ಹೊಲದಲ್ಲಿದ್ದಾಳೆ ಎಂದರು. ಬದುವಿನ ಮೇಲೆ ನಿಂತು ನೋಡಿದರೆ ಶೇಂಗಾದ ಸಾಲಿನಲ್ಲಿ ಐದಾರು ಹೆಂಗಸರು ಕೂತು ಕಳೆ ತೆಗೆಯುತ್ತಿದ್ದರು. ಅವರಲ್ಲಿ ಅಕ್ಕ ಯಾರೆಂದು ನನಗೆ ಗುರುತು ಸಿಗಲಿಲ್ಲ. ದಪ್ಪ ಮುಖದ ಒಬ್ಬಳು ಕಳೆ ಕೀಳುವ ಕುರ್ಚಿಗಿ ಊರಿ ಎದ್ದು, “ಅಪ್ಪಾ, ಯಾವಾಗ ಬಂದ್ರಿ?” ಎಂದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಕಣ್ಣು ಬಾತು ಗೀಟಿನಂತಾಗಿದ್ದವು. ಕಾಲುಂಗುರ ಬೆರಳಿನೊಳಗೆ ಹೂತುಹೋಗಿದ್ದವು.

“ಮೈ ಹಿಡ್ದಾಳಂತ ಖುಷಿ ಆಗಿತ್ರಿ ನಮಗ,” ಎಂದಳು ಅತ್ತೆ. ಅವಳ ದನಿಯಲ್ಲಿ ಕಪಟವಿರಲಿಲ್ಲ.

ಅಪ್ಪ ಜಗಳ ತೆಗೆಯಲಿಲ್ಲ. “ಆ ಚೀಟಿ ಇದ್ರ ತಗೋರಿ ಅಕ್ಕಾರ. ಬೆಳಗಾವಿಗೆ ಹೋಗೂಣು. ಹುಡುಗಿ ಹೇಳಿದ್ದು ತಪ್ಪಾಗೈತಿ,” ಎಂದ. ಅತ್ತೆ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅವಳು ಒಳಗೆ ಹೋಗಿ ಎಲೆಅಡಕೆಯ ಚೀಲ ಹಿಡಿದು, ಬೇರೆ ಸೀರೆಯನ್ನೂ ಉಡದೆ ಬಸ್ಸಿಗೆ ಬಂದಳು.

ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ಅದೇ ಡಾಕ್ಟರಬಾಯಿ ಇದ್ದಳು. ಅಕ್ಕನ ಕಣಕಾಲಿನ ಮೇಲೆ ಬೆರಳೊತ್ತಿ ತೆಗೆದಳು; ಕುಳಿ ಬಿದ್ದದ್ದು ಹಾಗೇ ಉಳಿಯಿತು. ನರ್ಸಬಾಯಿ ಸುಣ್ಣದ ಕಲೆಯಾಗಿದ್ದ ಚೀಟಿ ಬಿಡಿಸಿ ಕನ್ನಡದಲ್ಲಿ ಓದಿದಳು. ವಯಸ್ಸು ಹದಿನೈದು, ಮೈ ಇನ್ನೂ ಬಲಿತಿಲ್ಲ, ಸೊಂಟ ಸಣ್ಣದು, ಹದಿನೈದು ದಿನಕ್ಕೊಮ್ಮೆ ತೋರಿಸಬೇಕು, ಬಗ್ಗಿ ಕೆಲಸ ಮಾಡಬಾರದು, ಹೆರಿಗೆ ಇಲ್ಲಿಯೇ ಆಗಬೇಕು. ಓದಿ ಮುಗಿಸಿ, “ಇಷ್ಟು ಬರ್ದು ಕೊಟ್ಟಿದ್ರಲ್ರಿ. ಎರಡು ತಿಂಗ್ಳ ಎಲ್ಲಿ ಇಟ್ಟಿದ್ರಿ ಇದನ್ನ?” ಎಂದಳು. ಅತ್ತೆ ಎಲೆಅಡಕೆಯ ಚೀಲದ ಬಾಯಿ ಬಿಗಿದಳು.

ಮೂರನೆಯ ದಿನ ಮುಂಜಾನೆ ಅಕ್ಕನಿಗೆ ಫಿಟ್ಸ್ ಬಂತು. ಹಲ್ಲು ಕಚ್ಚಿಕೊಂಡು ಮಂಚವೇ ಅಲ್ಲಾಡುವಂತೆ ನಡುಗಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೊಟ್ಟೆ ಕೊಯ್ದು ಮಗು ತೆಗೆದರು. ಗಂಡು. ಅದು ಅಳಲೇ ಇಲ್ಲ. ಅಕ್ಕನ ಜೀವ ಉಳಿಯಿತು.

ಆ ಮಧ್ಯಾಹ್ನ ಪಡಸಾಲೆಯಲ್ಲಿ ಅಪ್ಪ ಗೋಡೆಗೆ ತಲೆಯಾನಿಸಿ ಕೂತಿದ್ದ. ಅತ್ತೆ ಅವನ ಎದುರಿಗೆ ಬಂದು ನಿಂತಳು. ಈಗ ನನ್ನನ್ನು ದೂರುತ್ತಾಳೆ ಎಂದು ನಾನು ಕಂಬಕ್ಕೆ ಅಂಟಿಕೊಂಡೆ.

“ಅಣ್ಣಾರ, ಸಣ್ಣಾಕಿನ್ನ ನಮ್ಮ ಸಣ್ಣ ಮಗಗ ಕೊಡ್ತೀನಿ ಅಂದಿದ್ರಲ್ಲ, ಬರೂ ದೀಪಾವಳಿ ಆದ ಮ್ಯಾಲ. ಆ ಮಾತು ಈಗ ಬ್ಯಾಡ್ರಿ.”

ಸಣ್ಣಾಕಿ ಎಂದರೆ ನಾನು. ಮನೆಯಲ್ಲಿ ಇಂಥದೊಂದು ಮಾತಾಗಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಅಪ್ಪನನ್ನು ನೋಡಿದೆ. ಓದಲಿ ಎಂದು ಸಾಲಿಗೆ ಕಳಿಸಿದ ಅಪ್ಪ. ಅವನು ತಲೆಯೆತ್ತಲಿಲ್ಲ.

ಅತ್ತೆ ಅಲ್ಲೇ ನೆಲದ ಮೇಲೆ ಕುಳಿತಳು. “ನಾನೂ ಹದ್ನಾಕಕ್ಕ ಹಡ್ದಾಕೀನ ರೀ. ಮೊದ್ಲಿನ ಎರಡೂ ಉಳೀಲಿಲ್ಲ. ನನ್ನ ಹಣೇಬಾರ ಅಂದ್ರು, ಹೌದಂದೆ. ನೀ ಎಳೀ ಕೂಸು, ನಿನ್ನ ಕಡೆ ಆಗಂಗಿಲ್ಲ ಅಂತ ನನಗ ಯಾವ ಭಾಷಾದಾಗೂ ಯಾರೂ ಹೇಳ್ಲಿಲ್ಲ,” ಎಂದಳು. ಅಳು ಬರದ ಹೆಂಗಸು ಅವಳು. ಅಂದೂ ಅಳಲಿಲ್ಲ, ಸೆರಗಿನ ಅಂಚನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದಳು.

ಅಕ್ಕನ ಎದುರು ನಾನು ಬಾಯಿ ಬಿಟ್ಟದ್ದು ವಾರವಾದ ಮೇಲೆ. ಅವಳು ಗಂಜಿ ಕುಡಿದು ಒರಗಿದ್ದಳು. ಡಾಕ್ಟರಬಾಯಿ ಅಂದದ್ದನ್ನು ನಾನೇ ತಿರುಚಿ ಹೇಳಿದೆ, ಚೀಟಿ ಓದಲು ಬರದೆ ಸುಳ್ಳು ಹೇಳಿದೆ ಎಂದೆಲ್ಲ ಹೇಳಿದೆ. ಅವಳು ಕಿಟಕಿಯ ಕಡೆ ನೋಡುತ್ತಾ ಕೇಳಿಸಿಕೊಂಡಳು.

“ನನಗ ಅವತ್ತ ಗೊತ್ತಾಗಿತ್ತು,” ಎಂದಳು.

“ಏನ್ ಗೊತ್ತಾಗಿತ್ತು?”

“ಆಕಿ ಚಲೋ ಮಾತು ಹೇಳಿಲ್ಲ ಅಂತ. ಹೊಟ್ಟಿ ಮ್ಯಾಲ ಕೈ ಇಟ್ಟಾಗ ಆಕಿ ಮಾರಿ ನಾ ನೋಡಿದ್ನಿ.”

“ಮತ್ತ ಯಾಕ ಸುಮ್ನಿದ್ದಿ?”

ಅಕ್ಕ ಹೊದಿಕೆ ಎಳೆದುಕೊಂಡು, “ಅತ್ತಿ ಬೆನ್ನ ಸವರಿದ್ರಲ್ಲ. ಲಗ್ನಾದ ಮ್ಯಾಲ ಮೊದಲನೇ ಸಲ ಶಹಬ್ಬಾಸ್ ಅಂದಂಗಾತು. ಅದನ್ನ ಕೆಡಿಸ್ಲಾಕ ಮನಸ್ಸಾಗ್ಲಿಲ್ಲ,” ಎಂದಳು.

ನಾನು ಗಂಜಿಯ ಬಟ್ಟಲು ಎತ್ತಿಕೊಂಡು ನಳದ ಹತ್ತಿರ ಹೋದೆ. ತೊಳೆದ ಬಟ್ಟಲನ್ನೇ ಮತ್ತೆ ಮತ್ತೆ ತೊಳೆದೆ. ನನ್ನ ತಪ್ಪಿನ ಭಾರ ಅದರಿಂದ ಕಡಿಮೆಯಾಗಲಿಲ್ಲ. ಆದರೆ ಹದಿನೈದು ವರ್ಷದವಳೊಬ್ಬಳು ಬೆನ್ನ ಮೇಲಿನ ಒಂದು ಕೈಗಾಗಿ ಜೀವ ಒತ್ತೆಯಿಟ್ಟಿದ್ದಳು ಎಂಬುದು ಇವತ್ತಿಗೂ ನನಗೆ ಅರಗಿಲ್ಲ.

ಅಪ್ಪ ನನ್ನ ಮದುವೆಯ ಮಾತನ್ನು ಮತ್ತೆ ಎತ್ತಿದ್ದು ನಾನು ಮ್ಯಾಟ್ರಿಕ್ ಪಾಸಾಗಿ ಮೂಡಲಗಿಯಲ್ಲಿ ಸಾಲಿ ಕಲಿಸತೊಡಗಿದ ಮೇಲೆ. ಅಲ್ಲಿ ‘ಯಂಗ್’ ಬಂದ ದಿನ ನಾನು ಹಲಗೆಯ ಮೇಲೆ ಒಂದೇ ಅರ್ಥ ಬರೆದವಳಲ್ಲ. ಹರೇದ, ಎಳೆಯ, ಸಣ್ಣ, ಮರಿ ಎಂದು ಸಾಲಾಗಿ ಬರೆದು, ಪ್ರತಿಯೊಂದಕ್ಕೂ ವಾಕ್ಯ ಮಾಡಿಸುತ್ತಿದ್ದೆ. ಇದರ ಕಾರಣ ಮಕ್ಕಳಿಗೆ ಹೇಳಲಿಲ್ಲ.

ಅಕ್ಕನಿಗೆ ಇಪ್ಪತ್ತು ದಾಟಿದ ಮೇಲೆ ಅದೇ ದವಾಖಾನೆಯಲ್ಲಿ ಮಗಳು ಹುಟ್ಟಿದಳು. ಅಷ್ಟು ವರ್ಷ ಅವಳನ್ನು ತವರಿಗೆ ಆಗಾಗ ಕಳಿಸಿ, ಮನೆಯಲ್ಲಿದ್ದಾಗ ಮಗನ ಹತ್ತಿರ ಬಿಡದೆ ತನ್ನ ಬಾಜೂಕೇ ಮಲಗಿಸಿಕೊಂಡು ಕಾದವಳು ಅತ್ತೆ. ಓಣಿಯವರು ಏನೇನೋ ಆಡಿಕೊಂಡರು, ಅವಳು ಕೇಳಿಸಿಕೊಳ್ಳಲಿಲ್ಲ. ಊರಲ್ಲಿ ಯಾರ ಮನೆಗೆ ಹೊಸ ಸೊಸೆ ಬಂದರೂ ಹೋಗಿ ನೇರವಾಗಿ ವಯಸ್ಸು ಕೇಳುತ್ತಿದ್ದಳು. ಬಸುರಾದ ಎಳೆ ಹುಡುಗಿಯರನ್ನು ಗುರುವಾರ ತಾನೇ ಚಕ್ಕಡಿ ಕಟ್ಟಿಸಿ ಹುಕ್ಕೇರಿಗೆ ಕರೆದೊಯ್ಯುತ್ತಿದ್ದಳು. ಹೊರಗೆ ಸೂಜಿ ಹಾಕಿಸಿಕೊಳ್ಳುವವರ ಸಾಲು ಎಷ್ಟೇ ಉದ್ದವಿರಲಿ, ನರ್ಸಬಾಯಿ ಒಳಗೆ ಬರುವವರೆಗೆ ಡಾಕ್ಟರಬಾಯಿಗೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲವಂತೆ.