ಸಾಹೇಬರ ಮೋಟಾರು ಸೈಕಲ್ಲಿನ ಸ್ಟ್ಯಾಂಡು

ಹುಣಸೂರಿನಲ್ಲಿ ಮಡಿಕೇರಿ ರಸ್ತೆಯ ಪಕ್ಕ, ಎತ್ತಿನ ಗಾಡಿಗಳು ನಿಲ್ಲುತ್ತಿದ್ದ ಬಯಲಿನ ಅಂಚಿಗೆ ನನ್ನ ಕುಲುಮೆ ಇತ್ತು. ನನಗಾಗ ಇಪ್ಪತ್ತಾರೋ ಇಪ್ಪತ್ತೇಳೋ ವರ್ಷ. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುವುದು, ನೇಗಿಲ ಗುಳ ತಟ್ಟುವುದು, ಕುಡುಗೋಲಿಗೆ ಹಲ್ಲು ಕಡಿಯುವುದು ನನ್ನ ಕೆಲಸ. ಬೆಂಕಿಗೆ ಗಾಳಿ ಊದುವ ತಿದಿ ಒತ್ತುವವಳು ನನ್ನ ಹೆಂಡತಿ. ಎರಡನೆಯ ಯುದ್ಧ ಶುರುವಾಗುವುದಕ್ಕೆ ಮುಂಚಿನ ಒಂದು ಬೇಸಿಗೆಯಲ್ಲಿ ನಡೆದದ್ದಿದು. ನೆನೆದರೆ ಈಗಲೂ ಬಾಯಿಗೆ ಕಹಿ ಬರುತ್ತದೆ.

ಸರ್ಕಾರದ ಅಧಿಕಾರಿಯೊಬ್ಬರು ಪಿರಿಯಾಪಟ್ಟಣದಿಂದ ಕಂಪಲಾಪುರದ ಮೇಲೆ ವಾರಕ್ಕೊಮ್ಮೆ ನಮ್ಮೂರಿಗೆ ಬರುತ್ತಿದ್ದರು. ಯಾವ ಇಲಾಖೆ ಎಂದು ಹೇಳುವುದು ಬೇಡ. ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಕೊಡಗಿನ ಕಾಫಿ ತೋಟದ ದೊರೆಯೊಬ್ಬ ಓಡಿಸಿ ಸಾಕಾಗಿ ಮಾರಿದ್ದ ಮೋಟಾರು ಸೈಕಲ್ಲನ್ನು ಅವರು ಕೊಂಡಿದ್ದರು. ಮೊದಲನೆಯ ಯುದ್ಧದ ಕಾಲದ್ದಂತೆ. ಇಂಜಿನ್ನಿಗೆ ಹಾಕುತ್ತಿದ್ದ ಹರಳೆಣ್ಣೆ ಸುಟ್ಟ ವಾಸನೆ ಮೊದಲು ಬರುತ್ತಿತ್ತು, ಸದ್ದು ಆಮೇಲೆ, ಕೊನೆಗೆ ಸಾಹೇಬರು.

ಅದರ ಹಿಂಬದಿಯ ಸ್ಟ್ಯಾಂಡು ಎಂದೋ ಮುರಿದು ಬಿದ್ದುಹೋಗಿತ್ತು. ಪಕ್ಕಕ್ಕೆ ವಾಲಿಸಿ ನಿಲ್ಲಿಸುವ ಒಂಟಿ ಕಾಲು ಆ ಗಾಡಿಗೆ ಇರಲಿಲ್ಲ. ಹಿಂದಿನ ಚಕ್ರದ ಎರಡೂ ಬದಿಗೆ ಕೀಲು ಹಾಕಿದ ಕಬ್ಬಿಣದ ಚೌಕಟ್ಟನ್ನು ಕೆಳಗಿಳಿಸಿ, ಕಾಲಲ್ಲಿ ಒತ್ತಿ ಹಿಡಿದು, ಗಾಡಿಯನ್ನು ಹಿಂದಕ್ಕೆ ಎಳೆದರೆ ಚಕ್ರ ನೆಲ ಬಿಟ್ಟು ಮೇಲೇಳಬೇಕು. ಅದಿಲ್ಲದೆ ಗಾಡಿ ತಾನಾಗಿ ನಿಲ್ಲುವುದಿಲ್ಲ. ಗೋಡೆಗೋ ಮರಕ್ಕೋ ಒರಗಿಸಬಹುದಿತ್ತು. ಬಣ್ಣ ಕೆರೆದುಹೋಗುತ್ತದೆ ಎಂದು ಸಾಹೇಬರು ಒಪ್ಪುತ್ತಿರಲಿಲ್ಲ. ಅದನ್ನು ಹಿಡಿದುಕೊಂಡು ನಿಲ್ಲಲೆಂದೇ ತಮ್ಮ ಜವಾನನನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದರು.

ಜವಾನ ಕಟ್ಟೆಮಳಲವಾಡಿಯವನು, ಐವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ. ಸಾಹೇಬರು ಹೋಟೆಲಿನೊಳಗೆ ಕೂತು ದೋಸೆ ತಿಂದು, ಕಾಫಿ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಹೋಟೆಲಿನವನ ಹತ್ತಿರ ಊರ ಸುದ್ದಿಯೆಲ್ಲ ಕೇಳಿ ಬರುವವರೆಗೂ ಆತ ಹೊರಗೆ ಬಿಸಿಲಲ್ಲಿ ಎರಡೂ ಕೈಯಲ್ಲಿ ಗಾಡಿ ಹಿಡಿದು ನಿಂತಿರುತ್ತಿದ್ದ. ಮುಖದ ಮೇಲೆ ನೊಣ ಕೂತರೆ ತಲೆ ಕೊಡವಿಯೇ ಓಡಿಸಬೇಕು. ನಾವು ವಾರವಾರವೂ ನೋಡಿ ನೋಡಿ, ನೋಡುವುದನ್ನೇ ಬಿಟ್ಟಿದ್ದೆವು.

ಒಂದು ದಿನ ಸರಪಳಿಯ ಕೊಂಡಿ ಬಿಚ್ಚಿಹೋಗಿ ಗಾಡಿ ನನ್ನ ಕುಲುಮೆಗೆ ಬಂತು. ಕೊಂಡಿ ಕೂರಿಸಿ ಸರಪಳಿ ಬಿಗಿ ಮಾಡಬೇಕಾದರೆ ಹಿಂದಿನ ಚಕ್ರ ಎತ್ತಿ ತಿರುಗಿಸಬೇಕು. ಕೆಳಗೆ ಇಡುವುದಕ್ಕೆ ನಾನು ಮರದ ದಿಮ್ಮಿ ತರಹೋದೆ.

"ದಿಮ್ಮಿ ಯಾಕೋ ಆಚಾರಿ," ಎಂದರು ಸಾಹೇಬರು. "ಲೋ, ಎತ್ತು."

ಜವಾನ ಹಿಂದಿನ ಕ್ಯಾರಿಯರ್ ಹಿಡಿದು ಗಾಡಿ ಎತ್ತಿದ. ನಾನು ಕೂತು ಕೆಲಸ ಶುರು ಮಾಡಿದೆ. ಸಾಹೇಬರು ನಾನು ಕಬ್ಬಿಣ ಬಡಿಯುವ ಅಡಿಗಲ್ಲಿನ ಬುಡಕ್ಕೆ ಎಲೆ ಅಡಿಕೆ ಉಗಿದರು. ಹೊಗೆ ಕೊಳವೆ ಇನ್ನೂ ಕಾದೇ ಇತ್ತು, ಜವಾನನ ಮೊಣಕಾಲಿನ ಕೆಳಗೆ ತಾಗುತ್ತಿತ್ತು. ಅಲ್ಲಿ ಹಳೆಯ ಸುಟ್ಟ ಗಾಯವೊಂದು ಕೀವಾಗಿತ್ತು. ಅದರ ನಾತವೂ ಹರಳೆಣ್ಣೆಯ ನಾತವೂ ಸೇರಿ ಮೂಗಿಗೆ ಹೊಡೆಯಿತು. ನಾನು ಮುಖ ಆಚೆ ತಿರುಗಿಸಿಕೊಂಡೆ.

"ಇವನೇ ನನ್ನ ಸ್ಟ್ಯಾಂಡು ಕಣಯ್ಯ," ಎಂದರು ಸಾಹೇಬರು. "ಇದಕ್ಕೆ ತುಕ್ಕು ಹಿಡಿಯಲ್ಲ. ಗ್ರೀಸು ಕೇಳಲ್ಲ."

ಅವರು ನಕ್ಕರು. ನಾನೂ ನಕ್ಕೆ. ಹೋಗುವ ಮುಂಚೆ ಅವರು ಸರಪಳಿ ಮುಟ್ಟಿ ನೋಡಿ, ಕೈಗೆ ಹತ್ತಿದ ಮಸಿಯನ್ನು ಜವಾನನ ಹೆಗಲ ಮೇಲಿದ್ದ ವಸ್ತ್ರಕ್ಕೆ ಒರೆಸಿದರು.

ಅವರು ಹೋದ ಮೇಲೆ ನನ್ನ ಹೆಂಡತಿ ತಿದಿ ಒತ್ತಲಿಲ್ಲ. ಅಡಿಗಲ್ಲಿನ ಬುಡದ ಉಗುಳಿನ ಮೇಲೆ ಬೂದಿ ಸುರಿದು ಗುಡಿಸಿದಳು.

"ಆ ಜವಾನನ ಕಾಲು ನೋಡುದ್ರಾ?" ಎಂದಳು.

"ನೋಡ್ದೆ."

"ಊರೋರ ಗಾಡಿಗೆಲ್ಲ ಮಾಡಿಕೊಡ್ತೀರ. ಆ ಸಾಹೇಬ್ರ ಗಾಡಿಗೊಂದು ನಿಲ್ಲೋ ಕಾಲು ಮಾಡಾಕೆ ನಿಮಗೆಷ್ಟೊತ್ತು?"

ನಿಜಕ್ಕೂ ಬಹಳ ಹೊತ್ತು ಹಿಡಿಯಿತು. ಮುಂದಿನ ವಾರ ಗಾಡಿ ಹೋಟೆಲಿನ ಮುಂದೆ ನಿಂತಾಗ ಹೋಗಿ ದಾರದಲ್ಲಿ ಅಳತೆ ತೆಗೆದು ಗಂಟು ಹಾಕಿಕೊಂಡೆ. ಜವಾನ ಏನೆಂದು ಕೇಳಲಿಲ್ಲ. ಮೊದಲು ಹಳೆಯ ಗಾಡಿ ಪಟ್ಟಿ ಬಗ್ಗಿಸಿ ಮಾಡಿದೆ. ಅದರ ಮೇಲೆ ಎರಡು ರಾಗಿ ಮೂಟೆ ಹೇರಿ ನೋಡಿದರೆ ಕಾಲುಗಳು ಅಗಲಕ್ಕೆ ಸರಿದುಬಿಟ್ಟವು. ಅದನ್ನು ಎಸೆದು, ಮುರಿದ ಗಾಡಿಯೊಂದರ ಕಬ್ಬಿಣದ ಅಚ್ಚನ್ನು ಕಾಯಿಸಿ, ಹೆಬ್ಬೆರಳು ಗಾತ್ರದ ಸರಳು ಎಳೆದೆ. ಕೀಲಿನಿಂದ ನೆಲಕ್ಕಿದ್ದ ಅಳತೆಗಿಂತ ಎರಡು ಬೆರಳು ಉದ್ದ ಇಟ್ಟೆ, ಚಕ್ರ ನೆಲ ಬಿಟ್ಟೇಳಬೇಕಲ್ಲ. ಕಾಲು ಮುಂದಕ್ಕೆ ಜಾರದ ಹಾಗೆ ಎರಡೂ ಕೀಲಿನ ಹತ್ತಿರ ತಡೆ ಕೂರಿಸಿದೆ. ಓಡುವಾಗ ಮೇಲಕ್ಕೆ ಮಡಚಿ ಸಿಕ್ಕಿಸಲು ಒಂದು ಕೊಕ್ಕೆ. ನಾಲ್ಕು ದಿನದ ಕೆಲಸ. ಒಳ್ಳೆಯ ಕೆಲಸ ಮಾಡಿದೆ ಎಂದು ನನಗೆ ಜಂಬವೂ ಬಂದಿತ್ತು.

ಸಾಹೇಬರು ಬಂದಾಗ ತೋರಿಸಿದೆ.

"ನಾನು ಕೇಳಿದ್ನೇನೋ?"

"ಇಲ್ಲ ಸ್ವಾಮಿ. ಸರಪಳಿ ಕೆಲಸಕ್ಕೆ ಬೇಕಾಗ್ತದೆ, ಅದಕ್ಕೆ ಮಾಡ್ದೆ."

ಅವರು ಉಗುರಿನಲ್ಲಿ ಕೆರೆದು ನೋಡಿ, ಹಾಕು ಎಂದರು. ಹಾಕಿದೆ. ಜವಾನ ಕಾಲಲ್ಲಿ ಒತ್ತಿ ಹಿಂದಕ್ಕೆ ಎಳೆದ. ಗಾಡಿ ಒಂದೇ ಏಟಿಗೆ ಏರಿ ನಿಂತಿತು. ಚಕ್ರ ಗಾಳಿಯಲ್ಲಿ ತಿರುಗಿತು. ಜವಾನ ಮೆಲ್ಲನೆ ಒಂದು ಕೈ ಬಿಟ್ಟ, ಆಮೇಲೆ ಇನ್ನೊಂದು. ಬಿಟ್ಟ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತೋಚದವನಂತೆ ನಿಂತ.

ಸಾಹೇಬರು ಸೀಟಿನ ಚರ್ಮದ ಮೇಲೆ ಅಂಗೈ ಇಟ್ಟು ನೋಡಿದರು. ಬಿಸಿಯಾಗಿತ್ತು. "ಈಗ ಕೈ ಖಾಲಿಯಾಯ್ತಲ್ಲ," ಎಂದರು. "ನನ್ನ ಛತ್ರಿ ಬಿಚ್ಚೋ. ನಾನು ಬರೋವರೆಗೂ ಸೀಟಿಗೆ ನೆರಳು ಹಿಡಿದಿರು."

ಅವತ್ತು ಮಧ್ಯಾಹ್ನವೆಲ್ಲ ಆತ ಛತ್ರಿ ಹಿಡಿದು ನಿಂತಿದ್ದ. ನೆರಳು ಸೀಟಿನ ಮೇಲೆ, ಬಿಸಿಲು ಅವನ ತಲೆಯ ಮೇಲೆ. ನಾನು ಕುಲುಮೆಯಿಂದ ನೋಡುತ್ತಿದ್ದೆ. ಮುದ್ದೆ ಮುರಿದು ಹಾಗೇ ಬಿಟ್ಟೆ.

ಇನ್ನು ಆ ಗಾಡಿ ಮುಟ್ಟುವುದಿಲ್ಲ ಎಂದು ತೀರ್ಮಾನ ಮಾಡಿದೆ. ತಿಂಗಳೊಳಗೆ ಸರಪಳಿ ಮತ್ತೆ ಕಿತ್ತುಹೋಯಿತು. ಸಾಹೇಬರು ಬಂದು ಕುಲುಮೆಯ ಮುಂದೆ ನಿಂತರು.

"ನನ್ ಕೈಲಾಗಲ್ಲ ಸ್ವಾಮಿ," ಎಂದೆ.

"ಹೋದ ಸಲ ಮಾಡಿದ್ದೆಯಲ್ಲೋ?"

"ಈಗ ಆಗಲ್ಲ."

ಅವರು ನನ್ನನ್ನೂ ನನ್ನ ಕುಲುಮೆಯನ್ನೂ ಒಮ್ಮೆ ನೋಡಿದರು. ಇದ್ದಿಲು ಸುಡಲು ಕಾಡಿನ ಸೌದೆ ಎಲ್ಲಿಂದ ತರುತ್ತೀಯೋ ವಿಚಾರಣೆ ಮಾಡಿಸುತ್ತೇನೆ ಎಂದರು. ನಾನು ಕುಲುಮೆಗೆ ಇದ್ದಿಲು ಸುರಿದೆ. ಅವರು ತಿರುಗಿ, "ತಳ್ಳೋ, ಲಾರಿ ನಿಲ್ಲೋ ಕಡೆಗೆ. ಮೈಸೂರಿಗೆ ಹಾಕಿ ಕಳಿಸೋಣ," ಎಂದು ಛತ್ರಿ ತಾವೇ ಬಿಚ್ಚಿಕೊಂಡು ಮುಂದೆ ನಡೆದರು.

ಆಗ ನನಗೆ ಹೊಳೆಯಿತು. ನಾನು ಸಾಹೇಬರಿಗೆ ಇಲ್ಲ ಎಂದದ್ದು ಆ ಮನುಷ್ಯನ ತೋಳಿನ ಮೇಲೆ ಬಿದ್ದಿತ್ತು. ಲಾರಿ ನಿಲ್ಲುವ ಜಾಗ ಲಕ್ಷ್ಮಣತೀರ್ಥದ ಸೇತುವೆಯ ಆಚೆ, ಏರು ರಸ್ತೆ. ಆತ ಕುಂಟುತ್ತಾ ತಳ್ಳುತ್ತಿದ್ದ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಓಡಿಹೋಗಿ ಹಿಂದಿನಿಂದ ಕೈ ಕೊಟ್ಟೆ.

"ಬುಡಿ ಆಚಾರ್ರೇ," ಎಂದ, ತಿರುಗಿ ನೋಡದೆ.

"ಇರ್ಲಿ ಅಣ್ಣ, ತಳ್ತೀನಿ."

ಸ್ವಲ್ಪ ದೂರ ಹೋದ ಮೇಲೆ ಹೇಳಿದ. "ಅವತ್ತು ನೀವೂ ನಕ್ಕುಬುಟ್ರಿ. ಅವರು ನಗೋದು ನಂಗೆ ವರ್ಸಗಟ್ಲೆಯಿಂದ ರೂಢಿ. ನೀವು ಕುಲುಮೇಲಿ ಬೇಯೋರು. ನೀವ್ಯಾಕೆ ನಕ್ರಿ ಅಂತ ಮನೇಗೋಗಿ ಯೋಚ್ನೆ ಮಾಡ್ದೆ."

ತಪ್ಪಾಯಿತು ಎಂದೆನೋ ಇಲ್ಲವೋ, ಅದೂ ನೆನಪಿಲ್ಲ. ಲಾರಿ ನಿಲ್ಲುವ ಜಾಗದವರೆಗೂ ತಳ್ಳಿದೆವು. ಇಬ್ಬರೂ ಸೇರಿ ಗಾಡಿಯನ್ನು ಮೇಲೆ ಏರಿಸಿದೆವು. ಸಾಹೇಬರು ಅಷ್ಟು ಹೊತ್ತಿಗೆ ಹುಣಸೆ ಮರದ ಕೆಳಗೆ ಕೂತು ಎಳನೀರು ಕುಡಿಯುತ್ತಿದ್ದರು.

ಸೌದೆ ವಿಚಾರಣೆಗೆ ಯಾರೂ ಬರಲಿಲ್ಲ. ಯುದ್ಧ ಬಂತು, ಪೆಟ್ರೋಲು ಸಿಗದಾಯಿತು, ಸಾಹೇಬರು ಬಸ್ಸಿನಲ್ಲಿ ಓಡಾಡತೊಡಗಿದರು, ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಜವಾನ ಕೆಲಸ ಬಿಟ್ಟು ಕಟ್ಟೆಮಳಲವಾಡಿಯಲ್ಲಿ ಬೇಸಾಯಕ್ಕೆ ನಿಂತ. ಕಾಲಿನ ಗಾಯ ಮಾಯ್ದು ಅಂಗೈಯಗಲ ಕಪ್ಪು ಕಲೆ ಉಳಿದಿತ್ತು.

ಕುಯಿಲಿನ ಕಾಲಕ್ಕೆ ಆತ ನಮ್ಮ ಕುಲುಮೆಗೇ ಬರುತ್ತಿದ್ದ. ನನ್ನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು, ತಿದಿಯ ಪಕ್ಕ ಕೂತು ಮಗಳ ಬಾಣಂತನ, ಎಮ್ಮೆ ಕರು ಹಾಕಿದ್ದು ಎಲ್ಲವನ್ನೂ ಅವಳಿಗೆ ಹೇಳುತ್ತಿದ್ದ. ನನ್ನ ಹತ್ತಿರ ಮಾತ್ರ, "ಈ ಸಲ ಹಲ್ಲು ವಸಿ ಸಣ್ಣಕ್ಕೆ ಕಡೀರಿ" ಎಂದಷ್ಟೇ ಹೇಳಿ ಕುಡುಗೋಲು ಮುಂದಿಡುತ್ತಿದ್ದ. ನಾನು ಕಡಿದು ಕೊಡುತ್ತಿದ್ದೆ.