ಒಬ್ಬೊಬ್ಬರಿಗೆ ಒಂದೊಂದು ಮಾತು

ಜಾಬರ್ ಕಾಕಾನ ಬಲಗೈಗೆ ಹತ್ತಿದ ಮಗ್ಗದ ಎಣ್ಣೆ ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಯಾರ ಕೂಡ ಮಾತಾಡಬೇಕಾದರೂ ಆ ಕೈಯನ್ನು ಅವರ ಕಿವಿಗೆ ಆನಿಸಿ ಹಿಡಿದು, ಅಂಗೈ ಮರೆಯಲ್ಲಿ ಬಾಯಿಟ್ಟು ಹೇಳುತ್ತಿದ್ದರು. ಸಂಜೆ ಶೆಡ್ಡಿನಿಂದ ಹೊರಬಿದ್ದ ನೇಕಾರರ ಕೆನ್ನೆ ನೋಡಿದರೆ ಸಾಕು, ಇವತ್ತು ಕಾಕಾ ಯಾರ ಯಾರ ಹತ್ತಿರ ಹೋಗಿದ್ದರು ಎಂದು ತಿಳಿಯುತ್ತಿತ್ತು. ಅಂಗಿಯ ಕಾಲರಿಗೂ ಕರಿ ಹತ್ತುತ್ತದೆ ಎಂದು ಮನೆಯಲ್ಲಿ ಹೆಂಡಂದಿರು ಗೊಣಗುತ್ತಿದ್ದರು.

ಬನಹಟ್ಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪವರ್‌ಲೂಮ್ ಶೆಡ್ಡಿನಲ್ಲಿ ಎಲ್ಲ ಮಗ್ಗಗಳು ಒಟ್ಟಿಗೆ ಓಡುವಾಗ ದೇವರೇ ಬಂದು ವರ ಕೇಳು ಅಂದರೂ ಕೇಳಿಸುವುದಿಲ್ಲ. ಕಿವಿಗೆ ಬಾಯಿ ಹಚ್ಚಬೇಕು, ಇಲ್ಲವೇ ಕೈಸನ್ನೆ ಮಾಡಬೇಕು. ಜಾಬರ್ ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನು. ನೇಕಾರರನ್ನು ನಡೆಸಿಕೊಂಡು ಹೋಗುವವನೂ ಅವನೇ. ಆ ಗದ್ದಲದೊಳಗೆ ಕಾಕಾ ಒಬ್ಬರಿಗೆ ಹೇಳಿದ್ದು ಪಕ್ಕದ ಮಗ್ಗದವನಿಗೆ ಕೇಳಿಸುತ್ತಿರಲಿಲ್ಲ. ಅವರ ಜಾಣತನವೆಲ್ಲ ಅದರ ಮೇಲೆಯೇ ನಿಂತಿತ್ತು. ಆಗ ನಮಗೆ ಅದು ಗೊತ್ತಿರಲಿಲ್ಲ, ಪ್ರಾಯಶಃ ಅವರಿಗೂ ಗೊತ್ತಿರಲಿಲ್ಲ.

ಗಂಡನನ್ನು ಕಳೆದುಕೊಂಡ ವರ್ಷ ನಾನು ಅಲ್ಲಿ ಕಂಡಿಕೆ ಸುತ್ತುವ ಕೆಲಸಕ್ಕೆ ಸೇರಿದೆ. ಲಾಳಿಯೊಳಗೆ ಕೂರಿಸುವ ನೂಲು ಸುತ್ತುವುದು, ಅಷ್ಟೇ. ಸುತ್ತುತ್ತಲೇ ಕಣ್ಣು ತುಂಬುತ್ತಿತ್ತು. ಕಾಕಾ ಒಂದು ಸಮಾಧಾನದ ಮಾತು ಆಡಲಿಲ್ಲ. ನನ್ನ ಮುಖ ನೋಡಿದವರೇ ಬಂದು, ಕೆಟ್ಟಿದೆ ಎಂಬಂತೆ ನನ್ನ ಮಷಿನ್ ನಿಲ್ಲಿಸಿ, ಬಿಚ್ಚಿ, ಬೆನ್ನು ತಿರುಗಿಸಿ ಕೂತುಬಿಡುತ್ತಿದ್ದರು. ನಾನು ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡ ಮೇಲೆ ಮಷಿನ್ ರಿಪೇರಿ ಆಗುತ್ತಿತ್ತು. ಸಮಾಧಾನ ಮಾಡಲು ಬಂದವರನ್ನು ಕಂಡರೆ ಆಗ ನನಗೆ ಮೈ ಉರಿಯುತ್ತಿತ್ತು. ಅದನ್ನು ಇವರು ಹೇಗೆ ಅರಿತರೋ!

ಮಹಾದೇವನಿಗೆ ಮಾತ್ರ ಬೈಗುಳವೇ ನಾಷ್ಟಾ. ಆ ತರುಣನ ಕೈ ಚುರುಕು, ತಲೆ ಅದಕ್ಕಿಂತ ಚುರುಕು, ಹೊಗಳಿದರೆ ಸಾಕು, ಮಗ್ಗ ಬಿಟ್ಟು ಚಹಾದಂಗಡಿಗೆ ನಡೆಯುವ ಗಿರಾಕಿ. ಅವನ ಕಿವಿಗೆ ಬಿದ್ದದ್ದು ಏನೆಂದು ಅವನ ಮೂಗು ಕೆಂಪಾದದ್ದರಿಂದಲೇ ಊಹಿಸಬೇಕು. ಬೈಸಿಕೊಂಡ ದಿನ ಅವನು ನೇಯ್ದ ಸೀರೆಯಂಚು ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ಬರುತ್ತಿತ್ತು. ಹಟಮಾರಿಯೊಬ್ಬನಿದ್ದ, ಅವನ ಬಳಿ ಕಾಕಾ ತಮಗೇನೂ ತಿಳಿಯದವರಂತೆ ಸಲಹೆ ಕೇಳುತ್ತಿದ್ದರು. ಇನ್ನೊಬ್ಬನನ್ನು ಹೊಗಳುತ್ತಿದ್ದರು, ಮತ್ತೊಬ್ಬನನ್ನು ಅವನ ಪಾಡಿಗೆ ಬಿಟ್ಟುಬಿಡುತ್ತಿದ್ದರು. ಹೀಗೇಕೆ ಎಂದು ಒಮ್ಮೆ ನಾನು ಕೇಳಿದ್ದೆ. “ಎಲ್ಲಾ ಮಗ್ಗಕ್ಕೂ ಒಂದ ಪಾನಾ ಕೂಡಂಗಿಲ್ಲವಾ ತಂಗಿ, ಮನಷ್ಯಾರಿಗೆ ಹೆಂಗ ಕೂಡತೈತಿ?” ಅಂದು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾವನ್ನೇ ತಿರುಗಿಸಿ ನೋಡಿದರು.

ಇನ್ನು ಬಸಪ್ಪಣ್ಣ. ಕಾಕಾ ಹುಡುಗರಿದ್ದಾಗ ಅವರಿಗೆ ಎಳೆಗೆ ಎಳೆ ಗಂಟು ಹಾಕುವುದನ್ನು ಕಲಿಸಿದ ಹಿರಿಯ. ಬಸಪ್ಪಣ್ಣನ ಬಟ್ಟೆಯಲ್ಲಿ ತಪ್ಪು ಹುಡುಕುವವರು ಇನ್ನೂ ಹುಟ್ಟಿಲ್ಲ ಎಂದು ಊರೇ ಹೇಳುತ್ತಿತ್ತು, ಅವನೂ ಅದನ್ನೇ ನಂಬಿ ಎದೆ ಉಬ್ಬಿಸಿ ನಡೆಯುತ್ತಿದ್ದ. ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿಯಿತು. ಹಾಸಿನಲ್ಲಿ, ಅಂದರೆ ಮಗ್ಗದ ಉದ್ದನೆಯ ನೂಲಿನಲ್ಲಿ, ಎಳೆ ಹರಿದರೆ ಕಾಣದಾಯಿತು. ಕಾಕಾ ಅವನನ್ನು ಕಿಟಕಿಯ ಪಕ್ಕದ ಮಗ್ಗಕ್ಕೆ ಹಾಕಿದರು, ಎಣ್ಣೆ ಬಿಡುವ ನೆಪದಲ್ಲಿ ಗಳಿಗೆಗೊಮ್ಮೆ ಬಂದು ಹರಿದ ಎಳೆಯನ್ನು ತಾವೇ ಕೂಡಿಸಿ ಹೋಗುತ್ತಿದ್ದರು. ನನ್ನ ಮಷಿನ್ ಅಲ್ಲೇ ಇದ್ದುದರಿಂದ ನನಗೊಬ್ಬಳಿಗೆ ಗೊತ್ತಿತ್ತು. ಮನೆಗೆ ಅವನ ದುಡಿಮೆಯೇ ಆಧಾರ, ಮತ್ತು ಆ ಹೆಸರು ಬಿಟ್ಟರೆ ಅವನಿಗೆ ಬೇರೆ ಆಸ್ತಿ ಇರಲಿಲ್ಲ.

ಆ ದಿನ ಬೆಳಿಗ್ಗೆ ಮಹಾದೇವನ ಸೀರೆಯಲ್ಲಿ ಒಂದೇ ಎಳೆ ತಪ್ಪಿತ್ತು. ಕಾಕಾ ಅವನ ಕಿವಿ ತುಂಬ ಬೈದು, ನೇರ ಬಸಪ್ಪಣ್ಣನ ಹತ್ತಿರ ಬಂದರು. ಅಲ್ಲಿ ಮೊಳಗಟ್ಟಲೆ ಬಟ್ಟೆಯಲ್ಲಿ ಹರಿದ ಎಳೆಗಳ ಗೆರೆ ಬಿದ್ದಿತ್ತು. ಬಸಪ್ಪಣ್ಣ ಬೆರಳಿನಿಂದ ತಡವಿ ನೋಡುತ್ತಿದ್ದ. ಕಾಕಾ ಎಂದಿನಂತೆ ಅವನ ಕಿವಿಗೆ ಕೈಹಿಡಿದು ಮಾತು ಶುರು ಮಾಡಿದರು. ಅದೇ ಹೊತ್ತಿಗೆ ಕರೆಂಟ್ ಹೋಯಿತು.

ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ವರ್ಷಾನುಗಟ್ಟಲೆ ಆ ಸದ್ದಿನಲ್ಲಿ ಬದುಕಿದ ಕಾಕಾನ ಕಿವಿ ಮೊದಲೇ ಮಂದವಾಗಿತ್ತು. ಅವರು ಶೆಡ್ಡಿನ ದನಿಯಲ್ಲೇ ಮಾತು ಮುಗಿಸಿದರು: “ಕಣ್ಣ ಪೂರಾ ಹ್ವಾದ್ರೂ ಚಿಂತಿ ಮಾಡಬ್ಯಾಡ ಬಸಪ್ಪಣ್ಣ. ನಿನ್ನ ತಪ್ಪೆಲ್ಲಾ ನಾ ಮುಚ್ಚತೀನಿ, ಮಾಲಕಗ ಗೊತ್ತಾಗಾಕ ಬಿಡಂಗಿಲ್ಲ.”

ಮಾಲಕರು ಬಟ್ಟೆ ಮಡಚುವ ಮೇಜಿನ ಹತ್ತಿರವೇ ನಿಂತಿದ್ದರು. ಬಸಪ್ಪಣ್ಣ ತಲೆ ಎತ್ತಲಿಲ್ಲ. ಮಹಾದೇವ ಎದ್ದು ಬಂದ. ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. “ಒಂದ ಎಳಿಗೆ ನಮ್ಮಪ್ಪನ್ನ ಎತ್ತಿ ಬೈದ್ರಿ. ಇವರದು ಮೊಳಗಟ್ಲೆ ಮುಚ್ಚತೀರಿ. ನಾ ಏನ್ ಪರದೇಸಿ ಏನ್ರಿ ನಿಮಗ?” ಅಂದ.

ಅವನು ಬಾಯಿ ತೆರೆದದ್ದೇ ತಡ, ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ಕಿವಿಗೆ ಬಿದ್ದದ್ದನ್ನು ಹೊರಗೆ ತೆಗೆದರು. ಹೊಗಳಿಸಿಕೊಂಡವನಿಗೆ ಅದು ಪುಸಲಾವಣೆ ಅನ್ನಿಸಿತು. ಹಟಮಾರಿ, ಹಾಗಾದರೆ ನನ್ನ ಸಲಹೆ ಕೇಳಿದ್ದು ಬರೀ ಆಟವೇ ಎಂದು ಕೇಳಿದ. ತನ್ನ ಪಾಡಿಗಿದ್ದವನು, ನನ್ನನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲವೆಂದು ನೊಂದುಕೊಂಡ. ಎಲ್ಲರಿಗೂ ತನಗೆ ಬೇಕಾದದ್ದೇ ಸಿಕ್ಕಿತ್ತು; ಪಕ್ಕದವನಿಗೆ ಸಿಕ್ಕಿದ್ದನ್ನು ನೋಡಿದ ಮೇಲೆ ತನ್ನದು ಕಡಿಮೆ ಅನ್ನಿಸಿತು. ಕಾಕಾ ಸುತ್ತ ನಿಂತವರ ಮುಖ ನೋಡಿದರು. ಎಲ್ಲರಿಗೂ ಸೇರಿ ಹೇಳುವ ಒಂದು ಮಾತು ಅವರ ಬಳಿ ಇರಲಿಲ್ಲ. ಜೀವಮಾನದಲ್ಲಿ ಅಂಥ ಮಾತು ಅವರು ಆಡಿಯೇ ಇರಲಿಲ್ಲ.

ಕರೆಂಟ್ ಬಂದಾಗ ಬಸಪ್ಪಣ್ಣನ ಮಗ್ಗ ಓಡಲಿಲ್ಲ. ಮಾಲಕರು ಅವನನ್ನು ಮನೆಗೆ ಕಳಿಸಿದರು, ಇನ್ನು ಮೇಲೆ ಎಲ್ಲರಿಗೂ ಒಂದೇ ಕಾಯಿದೆ ಎಂದು ಕಾಕಾಗೆ ತಾಕೀತು ಮಾಡಿದರು. ಎರಡು ನಾಲಗೆಯವನು ಎಂಬ ಹೆಸರು ಚಹಾದಂಗಡಿಯಲ್ಲಿ ಓಡಾಡಿತು. ಕಾಕಾ ಕಾಯಿದೆಯನ್ನು ಅಕ್ಷರಶಃ ಪಾಲಿಸಿದರು. ಯಾರ ಕಿವಿಗೂ ಹೋಗಲಿಲ್ಲ, ಎಲ್ಲರಿಗೂ ದೂರದಿಂದ ಒಂದೇ ಕೈಸನ್ನೆ. ನನ್ನ ಮಷಿನ್ ಕೂಡ ಮತ್ತೆಂದೂ ಕೆಡಲಿಲ್ಲ. ಬೈಸಿಕೊಳ್ಳದ ಮಹಾದೇವನ ಸೀರೆಗಳು ದಿನೇದಿನೇ ಹದಗೆಟ್ಟವು. “ಒಮ್ಮೆರ ಬೈಯ್ಯಲಿ ನೋಡಕ್ಕಾ. ಸತ್ತವನ್ನ ನೋಡಿದಂಗ ನೋಡತಾರ,” ಅಂದಿದ್ದ. ಕಾಕಾ ಬೈಯಲಿಲ್ಲ. ಅವನು ಮಹಾರಾಷ್ಟ್ರದ ಇಚಲಕರಂಜಿಗೆ ಹೋದ, ತಿರುಗಿ ಬರಲಿಲ್ಲ.

ಕಾಕಾ ಒಮ್ಮೆ ನನ್ನನ್ನು ಜೊತೆಗೆ ಕರೆದುಕೊಂಡು ರಬಕವಿಯಲ್ಲಿದ್ದ ಬಸಪ್ಪಣ್ಣನ ಮನೆಗೆ ಹೋದರು. ಅವನು ಒಳಗೆ ಕರೆಯಲಿಲ್ಲ. “ಕೆಲಸಾ ಹ್ವಾದದ್ದಕ್ಕ ದುಃಖ ಇಲ್ಲೋ ತಮ್ಮಾ. ನಾ ಕುರುಡ ಅಂತ ಎಲ್ಲಾರ ಮುಂದ ಸಾರಿದೆಲ್ಲಾ,” ಅಂದು ಗೋಡೆಯ ಕಡೆ ತಿರುಗಿದ. ಕೆಲವೇ ದಿನಗಳಲ್ಲಿ ಕಾಕಾ ಶೆಡ್ಡಿಗೆ ಬರುವುದನ್ನೂ ಬಿಟ್ಟರು. ಪೂರ್ತಿ ಕಿವುಡಾಗಿ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಯಾರು ಏನು ಹೇಳಿದರೂ ಒಂದೇ ಬಗೆಯಾಗಿ ತಲೆ ಆಡಿಸುತ್ತಿದ್ದರು.

ನಾನೀಗ ಜಮಖಂಡಿಯ ಹೊಲಿಗೆ ಘಟಕವೊಂದರಲ್ಲಿ ಹೆಣ್ಣುಮಕ್ಕಳ ಕೆಲಸ ನೋಡಿಕೊಳ್ಳುತ್ತೇನೆ. ಯಾರಿಗೆ ಬೈಯಬೇಕು, ಯಾರನ್ನು ಅವರ ಪಾಡಿಗೆ ಬಿಡಬೇಕು, ಯಾರಿಗೆ ಬೆನ್ನು ತಿರುಗಿಸಿ ಕೂರಬೇಕು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಕಾಕಾ ಕಲಿಸಿದ ವಿದ್ಯೆ ಅದು. ಆದರೆ ನಾನು ಗೋಡೆಗೆ ಹಚ್ಚಿದ ಕಾಯಿದೆ ಓದಿ ಹೇಳಿ ಬರುತ್ತೇನೆ. ಹೆದರಿಕೆ. ಕಳೆದ ತಿಂಗಳು ಒಬ್ಬಳು ಹಾಗೆಯೇ ಕೆಲಸ ಬಿಟ್ಟು ಹೋದಳು. ಅವಳಿಗೆ ಬೇಕಿದ್ದ ಮಾತು ನನ್ನ ಬಾಯಲ್ಲೇ ಇತ್ತು.

ಕಾಕಾ ತೀರಿಕೊಂಡ ದಿನ ಬನಹಟ್ಟಿಗೆ ಹೋದೆ. ಅಂಗಳದಲ್ಲಿ ಕೂತ ಹಳೆಯ ನೇಕಾರರು ಅವರ ಬಗ್ಗೆ ಮಾತಾಡುತ್ತಿದ್ದರು. ಒಬ್ಬ ಸಿಟ್ಟಿನವರು ಅಂದ, ಇನ್ನೊಬ್ಬ ಬೆಣ್ಣೆಯಂಥವರು ಅಂದ, ಮಾತು ಕೂಡಲಿಲ್ಲ. ಹೆಣ ಎತ್ತುವ ಹೊತ್ತಿಗೆ ಸೊಸೆಯ ಕೈ ಹಿಡಿದು ಬಸಪ್ಪಣ್ಣ ಬಂದ. ಈಗ ಅವನಿಗೆ ಏನೂ ಕಾಣುವುದಿಲ್ಲ. ನನ್ನ ದನಿ ಗುರುತು ಹಿಡಿದು ಹತ್ತಿರ ಬಂದು, ಮೆಲ್ಲಗೆ ಕೇಳಿದ: “ಕಡೀಕ ನನಗೇನರ ಹೇಳಂದಾನೇನ ತಂಗಿ?”

ಕಾಕಾ ಏನೂ ಹೇಳಿರಲಿಲ್ಲ. ಸುಳ್ಳಾದರೂ ಹೇಳೋಣವೆಂದು ಬಾಯಿ ತೆರೆದೆ. ಬಸಪ್ಪಣ್ಣನಿಗೆ ಎಂಥ ಮಾತು ಹೇಳಬೇಕು, ಎಷ್ಟು ಹೇಳಬೇಕು ಎಂದು ಗೊತ್ತಿದ್ದವರು ಒಬ್ಬರೇ, ಅವರನ್ನು ಆಗಲೇ ಹೆಗಲಿಗೆ ಎತ್ತಿದ್ದರು. ಬಸಪ್ಪಣ್ಣ ನನ್ನ ಕಡೆ ಕಿವಿ ಕೊಟ್ಟು ನಿಂತೇ ಇದ್ದ.