ದೋಣಿಯಕ್ಕ ನೆಟ್ಟ ಬೋರ್ಡು

ಕಟ್ಟಡಗಳಿಗೆಂದು ಮಣ್ಣು ಅಗೆದು ಬಿಟ್ಟಿದ್ದ ಗುಂಡಿಗೆ ನೀರು ತುಂಬಿಸಿ ವಿಶ್ವವಿದ್ಯಾಲಯದವರು ಅದನ್ನು ಕೆರೆ ಎಂದರು. ನೀರುಕಾಗೆ, ಮಿಂಚುಳ್ಳಿ, ಆಮೆಗಳು ಯಾರ ಅಪ್ಪಣೆಗೂ ಕಾಯದೆ ಬಂದು ಬಿಡಾರ ಹೂಡಿದವು. ಕಳೆ ಕೀಳುವ ಕೆಲಸ ದೋಣಿಯಕ್ಕನದು. ಈಜು ಬಾರದ ಈ ಹೆಂಗಸು ಹನ್ನೊಂದು ವರ್ಷದಿಂದ ಗಳ ಊರಿ ತಗಡಿನ ದೋಣಿ ನಡೆಸುತ್ತಿದ್ದಾಳೆ. ಕೆರೆ ಕಾಯಂ ಆಯಿತು, ಆಮೆಗಳೂ ಕಾಯಂ ಆದವು, ಅವಳಿನ್ನೂ ದಿನಗೂಲಿ.

ಆ ವಾರ ದೊಡ್ಡ ಮೇಡಂ ಒಬ್ಬರು ಪರಿಶೀಲನೆಗೆ ಬರುವವರಿದ್ದರು. ನೀರಿನ ಮೇಲೆ ಒಂದು ಕಡ್ಡಿಯೂ ಕಾಣಬಾರದೆಂದು ಕಿರಿಯ ಇಂಜಿನಿಯರನ ಹುಕುಂ. ಸಂಜೆ ಹೊತ್ತಿಗೆ ಉಳಿದದ್ದು ಒಂದೇ ಕಳೆಗುಪ್ಪೆ.

"ಅದನ್ಯಾಕೆ ಬಿಟ್ಟಿದೀಯ ಅಕ್ಕಾ? ನಿನ್ನ ನೆಂಟರದಾ?" ಎಂದು ಅವನು ದಡದಿಂದ ಕೂಗಿದ.

"ಬಾಣಂತಿ ಮನೆ ಸಾರ್ ಅದು. ಗುಳುಮುಳುಕ ಹಕ್ಕಿ ಕಾವು ಕೂತಿದೆ."

"ಕಸ ಅದು. ನಾಳೆ ಅದಿದ್ರೆ ನೀನಿರಲ್ಲ."

ಅವಳು ಗಳ ಊರಿ ದೋಣಿಯನ್ನು ದಡಕ್ಕೆ ತಂದಳು. "ಹಂಗಾದ್ರೆ ನೀವೇ ಬಂದು ಕಿತ್ತುಬಿಡಿ. ದೋಣೀಲಿ ಜಾಗ ಇದೆ."

ದಡದಲ್ಲಿ ಕಳೆ ಒಟ್ಟುತ್ತಿದ್ದ ಅವಳ ನಾದಿನಿ ಕಿಸಕ್ಕನೆ ನಕ್ಕಳು. ಆ ನಗುವಿಗೇ ರೋಷ ಬಂದು ಇಂಜಿನಿಯರ್ ಬೂಟುಗಾಲಲ್ಲೇ ದೋಣಿ ಹತ್ತಿದ. ಹತ್ತಿದವನು ಅಂಚು ಗಟ್ಟಿಯಾಗಿ ಹಿಡಿದು ಮುದುರಿ ಕೂತ. ದೋಣಿ ಸಮೀಪಿಸಿದಂತೆ ಹಕ್ಕಿ ಹಸಿ ಕಳೆಯನ್ನು ಕೊಕ್ಕಿನಿಂದ ಎಳೆದೆಳೆದು ಗೂಡು ಮುಚ್ಚಿ, ಗುಳಕ್ಕನೆ ಮುಳುಗಿತು. ಕಣ್ಣಿಗೆ ಈಗ ಅದು ನಿಜಕ್ಕೂ ಕಸವೇ.

"ಕೈ ಹಾಕಿ ಸಾರ್."

ಹಾಕಿದ. ಒದ್ದೆ ಕಳೆಯಡಿ ನಾಲ್ಕು ಮೊಟ್ಟೆ, ಬೆಚ್ಚಗೆ. ಮೆಲ್ಲಗೆ ಮೊದಲಿನಂತೆಯೇ ಮುಚ್ಚಿದ.

"ಮೇಲಿನೋರು ನನ್ನ ಚರ್ಮ ಸುಲೀತಾರೆ. ಏನ್ಮಾಡೋಣ, ನೀವೇ ಹೇಳಿ ಅಕ್ಕಾ."

"ಒಂದು ಬೋರ್ಡಿದ್ರೆ ಸಾಕು. ನಾನು ತರ್ತೀನಿ."

ದಡದಾಚೆ ಕೂಲಿ ಹೆಂಗಸರಿಗೆಂದು ಶುರುವಾದ ಶೌಚಾಲಯ ನಾಲ್ಕು ವರ್ಷದಿಂದ ಬಾಗಿಲು, ಚಾವಣಿಯಿಲ್ಲದೆ ನಿಂತಿತ್ತು. ಮುಂದೆ 'ಕಾಮಗಾರಿ ಪ್ರಗತಿಯಲ್ಲಿದೆ' ಎಂಬ ಬೋರ್ಡು. ಆ ಅಕ್ಷರ ಕಂಡಲ್ಲಿ ಯಾವ ಅಧಿಕಾರಿಯೂ ಪ್ರಶ್ನೆ ಕೇಳುವುದಿಲ್ಲ, ಯಾವ ಕೈಯೂ ಒಂದು ಕಲ್ಲನ್ನು ಅಲುಗಿಸುವುದಿಲ್ಲ. ನಾಲ್ಕು ವರ್ಷ ಗಿಡಗಳ ಮರೆ ಹುಡುಕಿಕೊಂಡು ಹೋದ ಹೆಂಗಸರಿಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಅಕ್ಕ ಅದನ್ನು ಕಿತ್ತು ತಂದು, ಇನ್ನೊಂದು ಗಳಕ್ಕೆ ಬಿಗಿದು, ಗುಪ್ಪೆಯ ಪಕ್ಕ ನೆಟ್ಟಳು.

ಮೇಡಂ ಬಂದರು. ಕೆರೆಯ ಬೋರ್ಡು ಓದಿ ತಲೆದೂಗಿ ಮುಂದೆ ನಡೆದರು. ಬೋರ್ಡಿಲ್ಲದ ಗೋಡೆಗಳ ಮುಂದೆ ಮಾತ್ರ ನಿಂತು, "ಇದೇನಿದು?" ಎಂದರು.

"ನಮ್ಮ ಶೌಚಾಲಯ ಮೇಡಂ! ನಾಲ್ಕು ವರ್ಷದ್ದು!" ನಾದಿನಿಯ ಗಂಟಲಿಗೆ ಮೈಕು ಬೇಕಿರಲಿಲ್ಲ.

ಮೂರನೇ ವಾರಕ್ಕೆ ಅಲ್ಲಿಗೆ ಚಾವಣಿ, ಬಾಗಿಲು, ಒಳಗಿನಿಂದ ಹಾಕುವ ಚಿಲಕ ಎಲ್ಲ ಬಂತು. ಅದೇ ವಾರ ಗುಳುಮುಳುಕ ಪಟ್ಟೆಪಟ್ಟೆ ಮರಿಗಳನ್ನು ಬೆನ್ನ ಮೇಲೆ ಹೊತ್ತು ಕೆರೆ ಸುತ್ತಿತು.

"ಅಕ್ಕಾ, ಈಗ ಬೋರ್ಡ್ ತೆಗೀಬಹುದಲ್ವಾ?" ಇಂಜಿನಿಯರ್ ಕೇಳಿದ.

"ತೆಗೀರಿ ಸಾರ್. ಆಫೀಸಲ್ಲಿ ನನ್ನ ಕಾಯಂ ಫೈಲ್ ಮೇಲೂ ಇಂಥದ್ದೇ ಒಂದಿರ್ಬೇಕು, ಕೈಯಾಡಿಸಿ ನೋಡಿ. ಹನ್ನೊಂದು ವರ್ಷ ಕಾವು ಕೊಟ್ಟಿದೀನಿ."